ಹದಿನಾಲ್ಕನೇ ಹೆಲ್ಮೆಟ್ಟಿನ ‘ಎ’

ವೀಬ್ಕೆ ಅಡುಗೆಮನೆಯ ಮೇಜಿನ ಮೇಲೆ ಮೂರು ಹೆಲ್ಮೆಟ್ಟುಗಳನ್ನು ಸಾಲಾಗಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಕೆಸರು ಒರೆಸುತ್ತಿದ್ದಳು. ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಸಾಮಾನುಗಳ ಉಸ್ತುವಾರಿ ಅಮ್ಮನದು. ಪಂದ್ಯದ ದಿನ ಬೆಳಿಗ್ಗೆ ಹೆಲ್ಮೆಟ್ಟು ಒರೆಸುವುದು ವೀಬ್ಕೆಯ ಕೆಲಸ.

ಮೂರಕ್ಕೂ ಹಿಂದುಗಡೆ ಹಳದಿ ‘ಎ’ ಸ್ಟಿಕರ್ ಇತ್ತು. ಅಮೆರಿಕದಿಂದ ಜರ್ಮನಿಗೆ ಆಡಲು ಬಂದವರ ಗುರುತು ಅದು. ಅಂಥವರು ಮೈದಾನದಲ್ಲಿ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಅಮ್ಮ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು.

“ವೀಬ್ಕೆ, ಹದಿನಾಲ್ಕರ ‘ಎ’ ಕಿತ್ತುಹಾಕ್ಬೇಕಂತೆ ಪುಟ್ಟಾ. ಕೋಚ್ ಹೇಳಿದ್ರು.”

“ಯಾಕೆ?”

“ಕೇಳೋಕೆಲ್ಲಿ ಬಿಟ್ರು? ಫೋನ್ ಇಟ್ಟೇಬಿಟ್ರು. ಅಯ್ಯೋ, ನನ್ನ ಕೇಕು!” ಅಮ್ಮ ಓವನ್ನಿನತ್ತ ಓಡಿದಳು.

ಹದಿನಾಲ್ಕು ಲಮಾಂಟ್‌ನ ನಂಬರು. ಮಾರ್ಚ್‌ನಿಂದ ಅವನು ಇವರ ಮನೆಯ ಅಟ್ಟದ ಕೋಣೆಯಲ್ಲಿದ್ದ. ದಿನಾ ಬಾಗಿಲಿಗೆ ತಲೆ ಬಡಿಸಿಕೊಳ್ಳುತ್ತಿದ್ದ. ಬುಧವಾರ ವೀಬ್ಕೆಯ ಮಕ್ಕಳ ತಂಡಕ್ಕೆ ಚೆಂಡು ಎಸೆಯಲು ಕಲಿಸುತ್ತಿದ್ದ. ಭಾನುವಾರ ಅಮೆರಿಕದಲ್ಲಿರುವ ತನ್ನಮ್ಮನ ಜೊತೆ ಫೋನಿನಲ್ಲಿ ಮಾತಾಡಿ, ಕಣ್ಣು ಕೆಂಪಾಗಿಸಿಕೊಂಡು ಕೆಳಗಿಳಿಯುತ್ತಿದ್ದ.

ಹೋದ ವರ್ಷ ಇದೇ ತಂಡದಲ್ಲಿದ್ದ ಅಮೆರಿಕದ ಕೋಬಿ ಭುಜ ಮುರಿದುಕೊಂಡಾಗ ಅವನ ‘ಎ’ ಕಿತ್ತವಳೂ ಇವಳೇ. ಅದೇ ವಾರ ಕೋಬಿ ತನ್ನೂರಿಗೆ ವಿಮಾನ ಹತ್ತಿದ್ದ.

ವೀಬ್ಕೆ ಸ್ಟಿಕರಿನ ತುದಿಗೆ ಉಗುರು ಹಾಕಿದಳು. ತುದಿ ಎದ್ದಿತು. ಹೆಬ್ಬೆರಳಿನಿಂದ ಅದನ್ನು ಮತ್ತೆ ಗಟ್ಟಿಯಾಗಿ ಒತ್ತಿಬಿಟ್ಟಳು.

“ಕೆಲಸ ಮುಗೀತಾ, ಬಾಸ್?” ಲಮಾಂಟ್ ಬಾಗಿಲಲ್ಲಿ ನಿಂತಿದ್ದ.

ನೀನೂ ಹೋಗ್ತೀಯಾ ಎಂದು ಕೇಳಬೇಕೆಂದುಕೊಂಡಳು, ಕೇಳಲಿಲ್ಲ. “ಹೂಂ, ಆಯ್ತು,” ಎಂದು ಹೆಲ್ಮೆಟ್ಟುಗಳನ್ನು ಚೀಲಕ್ಕೆ ತುಂಬಿದಳು.

ಮಧ್ಯಾಹ್ನ, ಪಂದ್ಯ ಮುಗಿಯಲು ಇನ್ನೊಂದೇ ನಿಮಿಷ ಉಳಿದಿತ್ತು. ಇವರ ತಂಡ ಎರಡು ಪಾಯಿಂಟ್ ಹಿಂದಿತ್ತು. ಕೋಚ್ ಡೆಟ್ಮರ್ಸ್ ಕೈ ಬೀಸಿ ಲಮಾಂಟ್‌ನನ್ನು ಒಳಗೆ ಕಳಿಸಿದರು.

ವೀಬ್ಕೆ ಹಳದಿ ಗುರುತುಗಳನ್ನು ಎಣಿಸಿದಳು. ಒಂದು. ಎರಡು. ಮೂರು!  ಕೂಗಬೇಕೆಂದುಕೊಳ್ಳುವಷ್ಟರಲ್ಲಿ ಆಟ ಶುರುವಾಯಿತು.

ಲಮಾಂಟ್ ಚೆಂಡು ಹಿಡಿದು ಓಡಿದ. ಒಬ್ಬನನ್ನು ತಪ್ಪಿಸಿದ, ಇನ್ನೊಬ್ಬನನ್ನು ಹಾರಿದ, ಗೆರೆ ದಾಟಿಯೇಬಿಟ್ಟ. ಜನ ಎದ್ದು ಕುಣಿದರು. ಆದರೆ ಹುಲ್ಲಿನ ಮೇಲೆ ತಪ್ಪಾಟಕ್ಕೆ ರೆಫ್ರಿ ಎಸೆಯುವ ಹಳದಿ ಬಟ್ಟೆ ಬಿದ್ದಿತ್ತು.

“ಮೂರು ‘ಎ’! ಇದು ಲೆಕ್ಕಕ್ಕಿಲ್ಲ!” ರೆಫ್ರಿ ಕೂಗಿದರು.

“ಎಣಿಸೋಕ್ ಬರಲ್ವೇನಪ್ಪಾ ನಿಂಗೆ?” ಬೇಕರಿಯ ಅಜ್ಜಿ ಸಾಸೇಜು ಹಿಡಿದ ಕೈಯನ್ನೇ ರೆಫ್ರಿಯತ್ತ ಆಡಿಸುತ್ತ ಕಿರುಚಿದರು.

ಹಿಂದೆ ಹೋಗಿ ಮತ್ತೆ ಆಡಿದರು. ಗೆರೆ ಮುಟ್ಟಲಾಗಲಿಲ್ಲ. ಕೊನೆಯ ಸೀಟಿ ಕೂಗಿತು. ಸೋತಿದ್ದರು.

ಕೋಚ್‌ರ ಮುಖ ಬೀಟ್‌ರೂಟಿನಂತಾಗಿತ್ತು. “ಅವನಜ್ಜಿ ಜರ್ಮನಿಯೋರು ಕಣ್ರೀ! ನಿನ್ನೆ ಅವನಿಗೆ ನಮ್ಮ ಪಾಸ್‌ಪೋರ್ಟೇ ಬಂತು. ಅವನಿನ್ನು ‘ಎ’ ಅಲ್ಲ, ನಮ್ಮೋನು!”

“ಹೆಲ್ಮೆಟ್ ಮೇಲೆ ಇದೆಯಲ್ಲ. ನಾನು ನೋಡೋದು ಅದನ್ನೇ,” ಎಂದರು ರೆಫ್ರಿ.

“ಯಾರು ಅದನ್ನ ಹಾಗೇ ಬಿಟ್ಟಿದ್ದು?”

ಕೋಚ್ ತಂಡದತ್ತ ತಿರುಗಿದರು. ಅಮ್ಮ ಕೇಕು ಮಾರುವ ಮೇಜಿನಿಂದ ವೀಬ್ಕೆಯನ್ನೇ ನೋಡುತ್ತಿದ್ದಳು. ವೀಬ್ಕೆ ಗೆರೆ ದಾಟಿ ಒಳಗೆ ನಡೆದಳು. 

“ನಾನು.”

 ಲಮಾಂಟ್ ಅವಳ ಮುಂದೆ ಮಂಡಿಯೂರಿದ. ಅವನ ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ಯಾಕೆ, ಬಾಸ್?”

“ಅದು ಕಿತ್ರೆ ನೀನೂ ಹೋಗ್ಬಿಡ್ತೀಯ ಅಂತ... ಕೋಬಿ ಥರ.”

ಅವನು ನಗಲಿಲ್ಲ. ಹೆಲ್ಮೆಟ್ ತಿರುಗಿಸಿ, ಸ್ಟಿಕರನ್ನು ನಿಧಾನವಾಗಿ ಕಿತ್ತು ಅವಳ ಅಂಗೈ ಮೇಲಿಟ್ಟ. “ಇನ್ಮೇಲೆ ನನ್ನನ್ನ ಯಾರೂ ವಾಪಸ್ ಕಳಿಸೋಕಾಗಲ್ಲ.”

ವೀಬ್ಕೆ ಹಳದಿ ‘ಎ’ಯನ್ನು ನೋಡಿದಳು. ಭಾನುವಾರದ ಫೋನು ನೆನಪಾಯಿತು, ಆ ಕೆಂಪು ಕಣ್ಣುಗಳೂ. ಇಷ್ಟು ತಿಂಗಳಲ್ಲಿ ಇದೊಂದನ್ನು ಅವಳು ಯೋಚಿಸಿಯೇ ಇರಲಿಲ್ಲ.

ಈ ಸಲ ಕೇಳಿಯೇಬಿಟ್ಟಳು.

“ಲಮಾಂಟ್, ನಿಂಗೆ... ನಿಂಗೆ ಇಲ್ಲಿರೋಕೆ ಇಷ್ಟಾನಾ?”