ಗೊಂಬೆ ಸಾಹೇಬರ ಎಡಗೈ

"ಬಿಡ್ರಿ! ಅದು ನನ್ನ ಕೈ!"

ಶಿವಕಾಂತಾ ಚೀರಿದಳು. ಸ್ಟುಡಿಯೋದೊಳಗೆ ನುಗ್ಗಿ ಬಂದ ಯುವಕ ಗೊಂಬೆಯ ಕುತ್ತಿಗೆಯನ್ನೇ ಹಿಡಿದಿದ್ದ. ಗೊಂಬೆಯೊಳಗೆ ಅವಳ ಕೈ ಇತ್ತು. ಬಟ್ಟೆಯ ಮೇಲಿಂದಲೇ ಅವನ ಬೆರಳುಗಳು ಅವಳ ಮಣಿಕಟ್ಟನ್ನು ಬಿಗಿದಿದ್ದವು.

ಬಿಸಿ ಹೆಂಚು ಮುಟ್ಟಿದವನಂತೆ ಅವನು ಕೈ ತೆಗೆದ. ಮುಖದ ಸಿಟ್ಟು ಮಾತ್ರ ಇಳಿಯಲಿಲ್ಲ.

"ನಾ ಗುರುಶಾಂತ. ನೆಲೋಗಿ ಶಾಂತಲಿಂಗಪ್ಪನವರ ಮಗ."

ಅವಳ ಕೈಯಲ್ಲಿದ್ದ ಗೊಂಬೆಯೇ ಶಾಂತಲಿಂಗಪ್ಪ! ಬಿಳಿ ಮೀಸೆ, ಗುಂಡು ಮೂಗು, ಹೆಗಲ ಮೇಲೆ ಶಾಲು.

ಜೇವರ್ಗಿಯ ಆ ಸಣ್ಣ ಕೇಬಲ್ ಚಾನಲ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ 'ಗೊಂಬಿ ಸಭಾ' ನೇರಪ್ರಸಾರವಾಗುತ್ತಿತ್ತು. ರಾಜಕಾರಣಿಗಳು, ಸಿನಿಮಾದವರು ಯಾರನ್ನೂ ಬಿಡುತ್ತಿರಲಿಲ್ಲ. ಅಫಜಲಪುರ, ಆಳಂದದ ತನಕ ಜನ ಫೋನಿನಲ್ಲಿ ನೋಡಿ ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗಿಸುತ್ತಿದ್ದದ್ದು ಹಿರಿಯ ನಾಯಕ ಶಾಂತಲಿಂಗಪ್ಪನ ಗೊಂಬೆ. ಅದನ್ನು ಹೊಲಿದವಳು, ಆಡಿಸುವವಳು, ದನಿ ಕೊಡುವವಳು ಎಲ್ಲ ಶಿವಕಾಂತಾಳೇ.

"ನಗಸ್ರಿ, ಬೈರಿ, ಏನರ ಮಾಡ್ರಿ. ಆದ್ರ ಈ ಎಡಗೈ...?" ಅವನು ಗೊಂಬೆಯ ಎದೆಯತ್ತ ಬೆರಳು ತೋರಿಸಿದ. "ಇದನ್ನ ಯಾಕ ಎದಿಗೆ ಹೊಲದೀರಿ? ನಮ್ಮಪ್ಪಗ ಲಕ್ವಾ ಹೊಡದದ್ದು ನಿಮಗ್ಯಾರು ಹೇಳಿದ್ರು? ಮನಿ ಮಂದಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ!"

ಶಿವಕಾಂತಾ ಗೊಂಬೆಯ ಎಡಗೈ ನೋಡಿದಳು.

'ಅಯ್ಯೋ ದೇವರೇ... ಇವರೇ ಹೇಳಿಬಿಟ್ಟರಲ್ಲ!'

ಅವಳು ಅವನನ್ನು ಗೋಡೆಯ ಹತ್ತಿರ ಕರೆದೊಯ್ದಳು. ಅಲ್ಲಿ ಮೂವರು ಮಂತ್ರಿಗಳು, ಒಬ್ಬ ನಟಿ, ಒಬ್ಬ ಕ್ರಿಕೆಟ್ ಆಟಗಾರ ಮೊಳೆಗೆ ತೂಗುತ್ತಿದ್ದರು.

"ಎಲ್ಲಾರ ಎಡಗೈ ನೋಡ್ರಿ."

ಎಲ್ಲರ ಎಡಗೈಯೂ ಎದೆಗೆ ಹೊಲಿದಿತ್ತು!

"ನನಗಿರೋವು ಎರಡೇ ಕೈರಿ. ಒಂದು ಗೊಂಬಿ ಬಾಯಾಗ ಹೋಗ್ತದ. ಇನ್ನೊಂದರಾಗ ಅದರ ಬಲಗೈ ಕಡ್ಡಿ ಹಿಡೀತೇನಿ. ಎಡಗೈ ಆಡಸಾಕ ಮೂರನೇ ಕೈ ಎಲ್ಲಿಂದ ತರ್ಲಿ?"

ಗುರುಶಾಂತ ಅಲ್ಲೇ ಸ್ಟೂಲಿನ ಮೇಲೆ ಕುಸಿದ. "ಹಂಗಾರ... ಗುಟ್ಟು ಬಿಟ್ಟುಕೊಟ್ಟಾಂವ ನಾನ! ಸುದ್ದಿ ಹೊರಗ ಬಿದ್ರ ಈ ಸಲ ಟಿಕೆಟ್ ಕೊಡಂಗಿಲ್ರಿ. ನಮ್ಮಪ್ಪ ಅದರ ಮ್ಯಾಲೇ ಜೀವಾ ಇಟ್ಕೊಂಡಾರ."

ಅಷ್ಟು ದೊಡ್ಡ ಆಳು ಮಗುವಿನಂತೆ ಹೆದರಿದ್ದ. ಅವಳ ಮನಸ್ಸು ಕರಗಿತು.

"ನನ್ನ ಬಾಯಿಂದ ಬರಂಗಿಲ್ರಿ," ಅಂದಳು ಮೆಲ್ಲಗೆ. "ಗೊಂಬಿ ಬಾಯಿಂದನೂ."

ಮುಂದಿನ ಭಾನುವಾರ ಅವನು ಮತ್ತೆ ಬಂದ. ಅದರ ಮುಂದಿನ ಭಾನುವಾರವೂ... ಸ್ಟೀಲಿನ ಡಬ್ಬಿಯಲ್ಲಿ ಮಜ್ಜಿಗೆ ತರುತ್ತಿದ್ದ. "ಚೀರಿ ಚೀರಿ ಗಂಟಲಾ ಒಣಗಿರ್ತದ, ಕುಡೀರಿ," ಅನ್ನುತ್ತಿದ್ದ.

"ನಮ್ಮಪ್ಪ ಈಗ ನಿಮ್ಮ ಗೊಂಬಿ ನೋಡಿ ಭಾಷಣಾ ಮಾಡೋದು ಕಲ್ಯಾಕತ್ತಾರ್ರಿ!"

ಅವಳು ನಕ್ಕಳು. ಆ ನಗು ನೋಡುತ್ತ ಅವನು ಡಬ್ಬಿ ಅಲ್ಲೇ ಮರೆತು ಹೋದ.

'ವಾರಕ್ಕೆ ಏಳು ದಿನ ಯಾಕಿರಬೇಕು?' ಅನಿಸತೊಡಗಿತು ಅವಳಿಗೆ. ಇಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ...

ಒಂದು ಶನಿವಾರ ಮಧ್ಯಾಹ್ನ ಚಾನಲ್ ಮಾಲೀಕ ಜಗದೇವ ಅವಳ ಮುಂದೆ ಮರುದಿನದ ಸಭೆಯ ಮಾತು ಬರೆದ ಹಾಳೆ ಇಟ್ಟ. ಓದಿದವಳು ತಟ್ಟನೆ ತಲೆ ಎತ್ತಿದಳು.

"ಸಾಹೇಬ್ರ ಎಡಗೈ... ಇದು ನಿಮಗ್ಯಾರು ಹೇಳಿದ್ರು?"

"ಹೆಸರು ಹೇಳಂಗಿಲ್ಲ ಅಂತ ಮಾತು ಕೊಟ್ಟೇನಿ ಬೇ. ಆದ್ರ ಸುದ್ದಿ ಖರೇ ಅದ. ಜಾಹೀರಾತೂ ಬಿಟ್ಟಾತು."

ಅವಳ ಫೋನಿನಲ್ಲೂ ಅದು ಬಂದಿತ್ತು. 'ನಾಳೆ ನೋಡಿ: ಸಾಹೇಬರ ಎಡಗೈ ರಹಸ್ಯ!'

ಕೂಡಲೇ ಫೋನ್ ಬಡಿದುಕೊಂಡಿತು. ಗುರುಶಾಂತ!

"ನಿಮ್ಮೊಬ್ಬರಿಗೇ ಹೇಳಿದ್ದೆ ಶಿವಕಾಂತಾ..."

"ಒಂದ್ನಿಮಿಷ ಕೇಳ್ರಿ, ನಾ ಅಲ್ಲ..."

"ಏನ್ ಕೇಳ್ಲಿ? ಭಾಳ ಛಲೋ ಆಡಿಸಿದ್ರಿ. ಗೊಂಬಿನ್ನಲ್ಲ, ನನ್ನ!"

ಫೋನ್ ಕಟ್ಟಾಯಿತು. ಅವಳು ನಾಲ್ಕು ಸಲ ಹಚ್ಚಿದಳು. ನಾಲ್ಕೂ ಸಲ ಸ್ವಿಚ್ ಆಫ್.

ಭಾನುವಾರ. ಹನ್ನೊಂದು ಗಂಟೆ.

ಶಿವಕಾಂತಾ ಮೇಜಿನ ಹಿಂದೆ ಮಂಡಿಯೂರಿ ಕೂತಿದ್ದಳು. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಜಗದೇವ ತನ್ನ ನಿರೂಪಕ ಗೊಂಬೆಯ ಬಾಯಿ ತೆರೆಸಿದ.

"ಸಾಹೇಬ್ರ, ಒಂದು ಸಲ ಎಡಗೈ ಎತ್ರಿ ನೋಡೂಣು!"

ಹಾಳೆಯಲ್ಲಿ ಉತ್ತರ ಬರೆದಿತ್ತು. ಓದಿದರೆ ಸಾಕು. ಓದಿದರೆ ಕೆಲಸ ಉಳಿಯುತ್ತದೆ. ಓದದಿದ್ದರೂ ಗುರುಶಾಂತನಂತೂ ನಂಬುವುದಿಲ್ಲ...

ಒಂದು ಕ್ಷಣ. ಎರಡು. ಮೂರು... ಗೊಂಬೆಯ ಬಾಯಿ ತೆರೆಯಲಿಲ್ಲ. ಜಗದೇವನ ಹಣೆಯಲ್ಲಿ ಬೆವರು!

'ಅವರು ನಂಬದಿದ್ದರೆ ಬೇಡ. ಮಾತು ಕೊಟ್ಟವಳು ನಾನು.'

ಗೊಂಬೆ ಒಮ್ಮೆಲೆ ತಲೆ ಎತ್ತಿತು.

"ಕೈ ಯಾಕ ಕೇಳ್ತೀಲೇ? ರಸ್ತಾ ಕೇಳು! ನಮ್ಮೂರ ಹೊಲದ ರಸ್ತಾಕ್ಕ ಮೂರು ಸಲ ಗುದ್ದಲಿ ಪೂಜಾ ಮಾಡೇನಿ. ಗುದ್ದಲಿ ಸವದದ, ರಸ್ತಾ ಆಗಿಲ್ಲ! ಮೈ ದೇವರು ಕೊಟ್ಟದ್ದು, ಸುಳ್ಳು ನಾ ಹೇಳಿದ್ದು. ನನ್ನ ಸುಳ್ಳಿಗೆ ನಗ್ರಿ, ಮೈಗೆ ಬ್ಯಾಡ!"

ಜಗದೇವ ಸನ್ನೆ ಮಾಡಿದ. ಪರದೆಯ ಮೇಲೆ ಜಾಹೀರಾತು ಓಡಿತು.

"ಬರದದ್ದು ಓದಾಕ ಆಗದಿದ್ರ ಮನಿಗೆ ನಡಿ ಬೇ!"

ಶಿವಕಾಂತಾ ಗೊಂಬೆಯಿಂದ ಕೈ ತೆಗೆದು, ಶಾಲು ಸರಿಮಾಡಿ ಅದನ್ನು ಮೇಜಿನ ಮೇಲೆ ಮಲಗಿಸಿದಳು. "ಹೋಗ್ತೇನ್ರಿ."

"ಎಲ್ಲಿಗೆ ಹೋಗ್ತಿ ಮಗಳ?"

ಬಾಗಿಲಲ್ಲಿ ಶಾಂತಲಿಂಗಪ್ಪ ನಿಂತಿದ್ದರು! ಖುದ್ದು ಅವರೇ! ಹಿಂದೆ ಬಿಳಿಚಿಕೊಂಡ ಗುರುಶಾಂತ.

"ಈಕಿ ಪೂರಾ ಕೆಡಿಸಿಬಿಟ್ಲು ಸಾಹೇಬ್ರ," ಜಗದೇವ ಗೊಣಗಿದ. "ಕೈ ಎತ್ರಿ ಅಂದ ಕೂಡಲೇ ನೀವು ಒಳಗ ಬರೋದಿತ್ತಲ್ಲ..."

ಶಿವಕಾಂತಾಳಿಗೆ ಏನೂ ತಿಳಿಯಲಿಲ್ಲ. ಮುದುಕ ನಿಧಾನವಾಗಿ ಹತ್ತಿರ ಬಂದರು.

"ಈ ಜಗದೇವಗ ಸುದ್ದಿ ಹೇಳಿದಾಂವ ನಾನ ಅವ್ವಾ. ಶಾಲಿನ ಕೆಳಗ ಕೈ ಮುಚ್ಚಿಟ್ಟು ಮುಚ್ಚಿಟ್ಟು ಉಸರು ಕಟ್ಟಿತ್ತು. ಟಿಕೆಟ್ ಹೋದ್ರ ಹೋಗ್ಲಿ. ಅತ್ಕೋತ ಹೇಳಿದ್ರ ಜನ ಅಯ್ಯೋ ಅಂತಾರ, ನಕ್ಕೋತ ಹೇಳೂಣು ಅಂದ್ಕೊಂಡೆ. ನನ್ನ ಮಗ ಬಿಡಂಗಿಲ್ಲ ಅಂತ ಅವಗ ತಿಳಿಸಲಿಲ್ಲ. ಜೇವರ್ಗಿಗೆ ಗಾಡಿ ಹೊಡಿ ಅಂದೆ, ಅಷ್ಟ." ಅವರ ಕಣ್ಣು ತುಂಬಿತ್ತು. "ನೀ ನನ್ನ ಮಾನಕ್ಕ ಕೆಲಸಾನ ಬಿಟ್ಟಿ. ಆದ್ರ ಆ ರಸ್ತಾ ಮಾತು... ಜರಾ ಜೋರ ಆತು!"

ಎಲ್ಲರಿಗೂ ನಗು ಬಂತು. ಜಗದೇವನಿಗೂ.

"ಈಕಿನ್ನ ತಗದ್ರ ನಾ ಕ್ಯಾಮೆರಾ ಮುಂದ ಬರಂಗಿಲ್ಲ ನೋಡು," ಅಂದ ಶಾಂತಲಿಂಗಪ್ಪ ಶಾಲು ತೆಗೆದು ಮಗನ ಕೈಗಿತ್ತು ದೀಪದ ಮುಂದೆ ಹೋಗಿ ಕೂತರು.

ಹೊರಗಿನ ಕೋಣೆಯಲ್ಲಿ ಈಗ ಇಬ್ಬರೇ.

ಶಿವಕಾಂತಾ ಮುಖ ತಿರುಗಿಸಿದ್ದಳು. "ನಾಲ್ಕು ಸಲ ಫೋನ್ ಹಚ್ಚಿದೆ. ಒಂದು ಮಾತು ಕೇಳಲಿಲ್ಲ ನೀವು."

"ತಪ್ಪಾತ್ರಿ. ಬೈರಿ, ಅನಸ್ಕೋತೇನಿ."

"ನನಗ ಬೈಯಾಕ ಬರಂಗಿಲ್ಲ. ಕೈಯಾಗ ಗೊಂಬಿ ಇದ್ರ ಬೈತಿದ್ದೆ..." ಅನ್ನುವಷ್ಟರಲ್ಲಿ ಕಣ್ಣೀರು ಉಕ್ಕಿತು.

"ನಿನ್ನಿಯಿಂದ ತುತ್ತು ಇಳದಿಲ್ಲ," ಅವನು ಅಪ್ಪನ ಶಾಲು ಮಡಚುತ್ತ ಅಂದ. "ಸಿಟ್ಟಿಂದ ಅಂತ ತಿಳ್ದಿದ್ದೆ. ಈ ಕೋಣ್ಯಾಗಿನ ಟೀವ್ಯಾಗ ನೋಡಿದೆ, ನೀವು ಸುಮ್ಮನಾದ್ರಲ್ಲ, ಆವಾಗ ಗೊತ್ತಾತು. ನನಗ ಬಂದದ್ದು ಸಿಟ್ಟಲ್ಲ... ನಿಮ್ಮನ್ನ ಕಳಕೊಂಡೆ ಅನ್ನೋ ಅಂಜಿಕಿ."

ಅವಳು ಮೆಲ್ಲಗೆ ತಿರುಗಿದಳು.

"ಈಗ ಒಂದು ಕೇಳ್ಲಿ?"

"ಕೇಳ್ರಿ..."

"ನನ್ನ ಮದಿವಿ ಆಗ್ತೀರೇನ್ರಿ?"

"ಅಂತೂ ಕೇಳಾಕ ಕಲತ್ರಲ್ಲ!" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದು ಹೌದೋ, ಅಲ್ಲೋ?"

"ಹೌದ್ರಿ... ಆದ್ರ ಮಾವನವರ ಗೊಂಬಿ ಬಿಡಂಗಿಲ್ಲ. ರಸ್ತಾ ಆಗೂತನಕ!"