ಎರಡು ನೀರುಗಾಲಿ, ಒಂದು ಬ್ಯಾಟರಿ

ಅಂದು ಭಾನುವಾರ. ಸಿಂಡೊರೊ ಬೆಟ್ಟ ಅಲ್ಲಿದೆಯೋ ಇಲ್ಲವೋ ಎಂಬಷ್ಟು ದಟ್ಟವಾಗಿ ಮಂಜು ಕವಿದಿತ್ತು. ಮಸೀದಿಯ ಬೆಳಗಿನ ಬಾಂಗು ಮುಗಿದು ಗಂಟೆಯಾದರೂ ವೊನೊಸೊಬೊ ಊರಿನ ಬೀದಿದೀಪಗಳು ಆರಿರಲಿಲ್ಲ. ಮಾತಾಡಿದರೆ ಬಾಯಿಂದ ಹಬೆ ಬರುವಂಥ ಚಳಿ.

ಆ ಚಳಿಯಲ್ಲಿ ಕಿನಾಂತಿ ಊಟದ ಡಬ್ಬಿಗಳನ್ನು ಎದೆಗೊತ್ತಿಕೊಂಡು ಬಂದಳು. ಊರವರೆಲ್ಲ ಬು, ಅಂದರೆ ಅಮ್ಮ, ಎಂದು ಕರೆಯುವ ಸುಮಿರಾಳ ಇಂಟರ್ನೆಟ್ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಎಂಟು ಕಂಪ್ಯೂಟರ್. ನಾಲ್ಕನೆಯದರ ಮುಂದೆ ಮಾತ್ರ ಯಾರೋ ಒಬ್ಬ, ಒದ್ದೆ ಮಳೆಕೋಟಿನಲ್ಲೇ ನಡುಗುತ್ತ ಕುಳಿತಿದ್ದ.

'ಪಾಪ... ಇನ್ನೂ ಏನೂ ತಿಂದಿಲ್ಲವೋ ಏನೋ.'

ಅವಳು ಮೇಲಿನ ಡಬ್ಬಿ ಬಿಡಿಸಿ ಅವನ ಮುಂದಿಟ್ಟಳು. "ತಗೊಳ್ಳಿ ಮಾಸ್. ಅಮ್ಮ ಕರಿದ ಸೋಯಾ ತೆಂಪೆ. ಬಿಸಿ ಇದೆ."

ಅವನು ತಲೆಯೆತ್ತಿದ. ಅವಳನ್ನು ನೋಡಿದವನೇ ಎದ್ದು ನಿಂತುಬಿಟ್ಟ. ಪರಿಚಯವಿದ್ದವನ ಹಾಗೆ... ಆದರೆ ಕಿನಾಂತಿಗೆ ಆ ಮುಖ ಗೊತ್ತಿರಲಿಲ್ಲ.

"ಡಬ್ಬಿ ವಾಪಸ್ ಕೊಡ್ತೀನಿ, ಮ್ಬಾಕ್," ಎಂದ, ಅವಳು ಮಾಸ್ ಎಂದಷ್ಟೇ ಮರ್ಯಾದೆಯಿಂದ, ಬಹಳ ಮೆಲ್ಲಗೆ.

"ಓಡಿಹೋಗ್ತೀರಾ ಇಲ್ಲದಿದ್ರೆ?" ಎಂದು ನಕ್ಕು ಅವಳು ತನ್ನ ಕುರ್ಚಿಗೆ ಹೋದಳು.

ಅವಳ ಗಮನವೆಲ್ಲ ಅಂದಿನ ಆಟದ ಮೇಲಿತ್ತು. ಬುಮಿ ಆಯೆಮ್ ಎಂಬುದು ಆ ಬೆಟ್ಟದ ಸುತ್ತಲಿನ ನಲವತ್ತು ಮಂದಿ ಸೇರಿ ಕಟ್ಟಿದ ಕಂಪ್ಯೂಟರ್ ಆಟದ ಲೋಕ. ಮಣ್ಣು, ಕಲ್ಲು, ನೀರು ಎಲ್ಲವೂ ಚೌಕ ಚೌಕ. ಮೂಲ ಆಟದಲ್ಲಿ ಇಲ್ಲದ ಯಂತ್ರಗಳನ್ನೂ ಯಾರೋ ತಂದು ಸೇರಿಸಿದ್ದರು. ಅಂದು ನಡುಹಗಲಿಗೆ ಅಲ್ಲಿ ಎಲ್ಲರೂ ಸೇರಿ ಮಾಡುವ ಸುಗ್ಗಿಯ ಪ್ರಾರ್ಥನೆ. ನಲವತ್ತು ತಟ್ಟೆಗೂ ಅಕ್ಕಿ ತನ್ನ ಗಿರಣಿಯಿಂದಲೇ ಬರುತ್ತದೆಂದು ಅವಳು ಎಲ್ಲರೆದುರು ಮಾತು ಕೊಟ್ಟಿದ್ದಳು. ಎಂಟು ತಿಂಗಳ ಕೆಲಸ. ಒಂದೊಂದು ಕಲ್ಲನ್ನೂ ಕೈಯಾರೆ ಇಟ್ಟ ಗಿರಣಿ. ಅದು ಇಂದು ತಿರುಗಲೇಬೇಕು.

ಆಟ ತೆರೆದು, ಪರದೆಯ ಮೇಲೆ ಗಿರಣಿಯ ಹಿಂಬದಿಗೆ ಹೋದಳು.

ಆರು ವಾರ ನೆಲದಾಳದಲ್ಲಿ ಅಗೆದು ಮಾಡಿಕೊಂಡ ಲಾವಾ ಜನರೇಟರ್ ಅಲ್ಲಿರಲಿಲ್ಲ! ನಿನ್ನೆ ಸಂಜೆಯಷ್ಟೇ ಇಟ್ಟು ಹೋಗಿದ್ದಳು. ಅದರ ಜಾಗದಲ್ಲಿ ತೊರೆಗಿಳಿಸಿದ ಎರಡು ಮರದ ನೀರುಗಾಲಿ, ಒಂದು ಪುಟ್ಟ ಬ್ಯಾಟರಿ ಪೆಟ್ಟಿಗೆ. ಯಾರು ಏನು ಮುಟ್ಟಿದರೂ ಆಟ ಹೆಸರು ಬರೆದಿಡುತ್ತದೆ. ಅಲ್ಲಿದ್ದ ಹೆಸರು: ಸೆಪಿ.

"ಬು, ಈ ಸೆಪಿ ಅಂದ್ರೆ ಯಾರು?"

ಚಹಾ ಸೋಸುತ್ತಿದ್ದ ಸುಮಿರಾ ಗಲ್ಲದಿಂದಲೇ ಆ ಕಡೆ ತೋರಿಸಿದಳು. ನಾಲ್ಕನೇ ಕುರ್ಚಿಯವನ ಕೈ ನಿಧಾನವಾಗಿ ಮೇಲೆದ್ದಿತು. ಇನ್ನೊಂದು ಕೈಯಲ್ಲಿ ಅರ್ಧ ಕಚ್ಚಿದ ತೆಂಪೆ.

"ನೀವಾ? ನನ್ನ ಜನರೇಟರ್ ತೆಗೆದಿದ್ದು ನೀವಾ?"

"ಹೌದು..."

"ಯಾಕೆ?"

ಅವನು ತೆಂಪೆ ಕೆಳಗಿಟ್ಟ. "ಅದು... ನಿಮ್ಮ ಗಿರಣಿಗೆ ಜಾಸ್ತಿ ಆಗ್ತಿತ್ತು."

ಕಿನಾಂತಿಯ ಕಿವಿ ಬಿಸಿಯಾಯಿತು. 'ಜಾಸ್ತಿಯಾ? ನನ್ನ ಗಿರಣಿಗೆ ಅಷ್ಟು ಯೋಗ್ಯತೆ ಇಲ್ಲ ಅಂತಾನಾ?'

ನೆರವಿಗೆ ಬರುವ ಯಾರು ಬೇಕಾದರೂ ಗಿರಣಿಯಲ್ಲಿ ಕೈ ಹಾಕಬಹುದೆಂದು ತಾನೇ ಬಾಗಿಲು ತೆರೆದಿಟ್ಟದ್ದು ಆ ಗಳಿಗೆ ಅವಳಿಗೆ ನೆನಪಾಗಲಿಲ್ಲ. ಬೆರಳು ತಾನಾಗಿ ಓಡಿತು. ನಲವತ್ತು ಮಂದಿಯೂ ಓದುವ ಜಾಗದಲ್ಲಿ ಬರೆದಳು: "ಸೆಪಿ ಕಳ್ಳ. ನನ್ನ ಜನರೇಟರ್ ಕದ್ದಿದ್ದಾನೆ."

ಅವನ ಪರದೆಯ ಮೇಲೂ ಆ ಸಾಲು ಮೂಡಿತು. ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಆಟ ಮುಚ್ಚಿ, ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿ, ಮಂಜಿನೊಳಕ್ಕೆ ಹೊರಟುಹೋದ. ಗಾಬರಿಯಲ್ಲಿ ಡಬ್ಬಿಯೂ ಅವನ ಕೈಯಲ್ಲೇ ಉಳಿಯಿತು.

"ನೋಡಿ ಬು, ಅದನ್ನೂ ಹೊತ್ಕೊಂಡು ಹೋದ!"

ಸುಮಿರಾ ಚಹಾ ತಂದಿಟ್ಟಳು. ಅರವತ್ತು ದಾಟಿದ ಹೆಂಗಸು. ಬುಮಿ ಆಯೆಮ್‌ನಲ್ಲಿ ಅವಳದೂ ಒಂದು ಬಾತುಕೋಳಿ ತೋಟವಿತ್ತು, ಕಿನಾಂತಿಯ ಅಂಗಳಕ್ಕೆ ಹೊಂದಿಕೊಂಡೇ.

"ಆ ಹುಡುಗ ಮೇಲಿನ ಹಳ್ಳಿಯವನು, ನ್ದುಕ್, ಮಗಳೇ. ಸಂಜೆ ನೀನು ಹೊರಟ ಮೇಲೆ ಇಲ್ಲಿ ಬಂದು ಆಡೋನು. ಅಲ್ಲಿ ತೊರೆ ನೀರಲ್ಲಿ ಕರೆಂಟ್ ಮಾಡ್ತಾರಲ್ಲ, ಆ ಯಂತ್ರ ನೋಡ್ಕೊಳ್ಳೋನು. ಮೂವತ್ತು ಮನೆಗೆ ದೀಪ ಹಚ್ಚೋನು ನಿನ್ನ ಜನರೇಟರ್ ಕದ್ದು ಏನು ಮಾಡ್ತಾನೆ?"

"ಹಾಗಾದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು."

"ಅದು ನಿಜ. ಅವನ ಬಾಯಿ ತೆಂಪೆ ತಿನ್ನೋಕೆ ಮಾತ್ರ." ಸುಮಿರಾ ಪಕ್ಕದ ಕುರ್ಚಿ ಎಳೆದುಕೊಂಡಳು. "ನನ್ನ ಹತ್ರಾನೂ ಲಾವಾ ಜನರೇಟರ್ ಇದೆ, ತಗೋ. ಆದ್ರೆ ಗಿರಣಿಗೆ ಹಚ್ಚಬೇಡ. ನಿನ್ನ ಹಳೇ ಜರಡಿ ಇದೆಯಲ್ಲ, ಮೊದಲು ಅಂಗಳದಲ್ಲಿ ಅದಕ್ಕೆ ಹಚ್ಚಿ ನೋಡು."

ಕಿನಾಂತಿ ತಂತಿ ಎಳೆದಳು. ಸ್ವಿಚ್ ಒತ್ತಿದಳು.

ಜರಡಿ ಒಂದು ಸುತ್ತೂ ತಿರುಗಲಿಲ್ಲ. ಢಂ ಎಂದು ಸಿಡಿದು, ಅಂಗಳದಲ್ಲಿ ಬಾವಿಯಷ್ಟು ಹೊಂಡ ಬಿತ್ತು.

"ನನ್ನ ಮೂರು ಬಾತು ಹೋದ್ವು," ಎಂದಳು ಸುಮಿರಾ, ಸಮಾಧಾನವಾಗಿ.

ಕಿನಾಂತಿಗೆ ನಗು ಬರಲಿಲ್ಲ. ಆ ಹೊಂಡದ ಜಾಗದಲ್ಲಿ ಅವಳಿಗೆ ತನ್ನ ಗಿರಣಿ ಕಾಣುತ್ತಿತ್ತು. ನಡುಹಗಲು... ನಲವತ್ತು ಮಂದಿ ಸುತ್ತ ನಿಂತಿರುವಾಗ...

ಗಿರಣಿಯ ಬಾಗಿಲ ಬಳಿಯ ಪೆಟ್ಟಿಗೆ ತೆರೆದಳು. ಅಷ್ಟು ಹೊತ್ತೂ ಅದನ್ನು ತೆರೆದು ನೋಡಿರಲಿಲ್ಲ. ಒಳಗೆ ಅವಳ ಜನರೇಟರ್ ಇದ್ದ ಹಾಗೇ ಇತ್ತು. ಮೇಲೊಂದು ಪತ್ರ.

"ಮ್ಬಾಕ್ ಕಿನಾಂತಿ, ಕೇಳದೆ ಮುಟ್ಟಿದ್ದೇನೆ, ಕ್ಷಮಿಸಿ. ಭತ್ತ ಸುಲಿಯುವ ಯಂತ್ರಕ್ಕೆ ಹನ್ನೆರಡು ಅಳತೆ ಕರೆಂಟ್ ಬೇಕು, ಜರಡಿಗೆ ನಾಲ್ಕು, ಪಾಲಿಶಿಗೆ ಎಂಟು. ಒಟ್ಟು ಇಪ್ಪತ್ನಾಲ್ಕು. ಇವು ತಾಳುವುದು ಹೆಚ್ಚೆಂದರೆ ಮೂವತ್ತೆರಡು. ನಿಮ್ಮ ಜನರೇಟರ್ ಒಮ್ಮೆಗೆ ನೂರಿಪ್ಪತ್ತೆಂಟು ತಳ್ಳುತ್ತದೆ. ನಿಮ್ಮ ತೊರೆಯಲ್ಲಿ ಒಂದು ಗಾಲಿಗೆ ಹತ್ತು ಸಿಗುತ್ತದೆ. ಎರಡು ಇಟ್ಟಿದ್ದೇನೆ. ಕಡಿಮೆ ಬೀಳುವ ನಾಲ್ಕನ್ನು ಬ್ಯಾಟರಿ ಕೊಡುತ್ತದೆ. ಬೆಳಗಾಗುವುದರೊಳಗೆ ಅದು ತುಂಬಿರುತ್ತದೆ, ಪ್ರಾರ್ಥನೆ ಮುಗಿಯುವವರೆಗೆ ಸಾಕು. ನಿಮ್ಮದು ಚೆಂದದ ಗಿರಣಿ. ಅದಕ್ಕೆ ಏನೂ ಆಗಬಾರದು."

ಅವಳು ಮತ್ತೆ ಓದಿದಳು. ಎಂಟು ತಿಂಗಳಲ್ಲಿ ಗಿರಣಿಯನ್ನು ಹೊಗಳಿದವರಿಗೆ ಲೆಕ್ಕವಿಲ್ಲ. ಆದರೆ ಅದರ ಮುಂದೆ ಕುಳಿತು, ಹಸಿದ ಮಗುವನ್ನು ತಾಯಿ ವಿಚಾರಿಸುವಂತೆ, ನಿನಗೆಷ್ಟು ಬೇಕು ಎಂದು ಕೇಳಿದವನು ಇವನೊಬ್ಬನೇ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ... ಎಂಥ ಲೆಕ್ಕ! ದೇವರು ಹುಲ್ಲಿಗೆ ಇಬ್ಬನಿ ಅಳೆದು ಕೊಡುವ ಹಾಗೆ.

ಬ್ಯಾಟರಿಯತ್ತ ನೋಡಿದಳು. ಅದರ ಮೇಲೆ ಅಕ್ಷರ ಕೊರೆದಿತ್ತು.

"ಕಿನಾಂತಿ, ಒಂದು."

ಅದು ಅವಳು ಈ ಲೋಕದಲ್ಲಿ ಮಾಡಿದ ಮೊಟ್ಟಮೊದಲ ಬ್ಯಾಟರಿ. ಯಾರಿಗೋ ಕೊಟ್ಟು ಮರೆತೇಬಿಟ್ಟಿದ್ದಳು... ಯಾರಿಗೆ?

ಎಲ್ಲರೂ ಓದುವ ಜಾಗದಲ್ಲಿ ಅವಳು ಮತ್ತೆ ಬರೆದಳು. "ಬೆಳಗ್ಗೆ ನಾನು ಬರೆದದ್ದು ತಪ್ಪು. ಸೆಪಿ ಏನನ್ನೂ ಕದ್ದಿಲ್ಲ. ಇಂದು ಗಿರಣಿ ತಿರುಗಿದರೆ ಅದು ಅವರಿಂದ. ಎಲ್ಲರೆದುರು ಕ್ಷಮೆ ಕೇಳುತ್ತೇನೆ."

ನಡುಹಗಲಿಗೆ ಬಿಸ್ಮಿಲ್ಲಾ ಎಂದು ಸ್ವಿಚ್ ಒತ್ತಿದಳು. ನೀರುಗಾಲಿಗಳು ಅವಸರವಿಲ್ಲದೆ ತಿರುಗಿದವು. ಭತ್ತ ಸುಲಿಯಿತು, ಜರಡಿ ಕುಲುಕಿತು, ಬೆಳ್ಳಗಿನ ಅಕ್ಕಿ ಧಾರೆಯಾಗಿ ಇಳಿಯಿತು. ನಲವತ್ತು ತಟ್ಟೆ ತುಂಬುವವರೆಗೂ ಗಿರಣಿ ಒಮ್ಮೆಯೂ ತೊದಲಲಿಲ್ಲ. ಎಲ್ಲರೂ ಅವಳನ್ನು ಕೊಂಡಾಡುತ್ತಿದ್ದರು. ಅವಳ ಕಣ್ಣು ಮಾತ್ರ ಅಲ್ಲಿರದ ಒಂದು ಹೆಸರನ್ನು ಹುಡುಕುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ಮಂಜು ಕರಗಿ ಬೆಟ್ಟ ಮೂಡಿತ್ತು. ಅಂಗಡಿಯ ಬಾಗಿಲಲ್ಲಿ ಅದೇ ಮಳೆಕೋಟು ಕಂಡಿತು.

"ಬೈಯೋದಿದ್ರೆ ಬೈಯಿರಿ ಮ್ಬಾಕ್," ಎಂದ ಅವನು ಹೊಸಿಲಾಚೆಯೇ ನಿಂತು. "ಡಬ್ಬಿ ಕೊಟ್ಟು ಹೋಗೋಣ ಅಂತ ಬಂದೆ, ಅಷ್ಟೇ."

ಹಳ್ಳಿಯಲ್ಲಿ ಇಂಟರ್ನೆಟ್ ಇಲ್ಲ. ಅವಳ ಕ್ಷಮೆಯನ್ನು ಅವನು ಓದಿಯೇ ಇರಲಿಲ್ಲ. ಕಳ್ಳ ಎನಿಸಿಕೊಂಡವನಾಗಿಯೇ, ಒಂದು ಡಬ್ಬಿಗಾಗಿ, ಎಂಟು ಕಿಲೋಮೀಟರ್ ಇಳಿದು ಬಂದಿದ್ದ. ಅದು ಹೊಳೆದದ್ದೇ ಕಿನಾಂತಿಯ ಕಣ್ಣು ತುಂಬಿತು.

"ತಪ್ಪು ನಂದು, ಮಾಸ್. ಪತ್ರ ಓದಿದೆ. ಎಲ್ಲರಿಗೂ ಹೇಳಿದೀನಿ... ಗಿರಣಿ ತಿರುಗ್ತು."

"ಕೊನೇವರೆಗೂ?"

"ಕೊನೇವರೆಗೂ."

ಅವನ ಮುಖ ಮೊದಲ ಸಲ ಅರಳಿತು. "ಪಾಲಿಶ್ ಯಂತ್ರ ಶುರುವಾಗುವಾಗ ಗಾಲಿ ಜಗ್ಗಲಿಲ್ವಾ?"

"ಜಗ್ಗಲಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಆ ಬ್ಯಾಟರಿ... ನಿಮ್ಮ ಹತ್ರ ಹೇಗೆ ಬಂತು?"

ಅವನು ನೆಲ ನೋಡಿದ. "ಹೋದ ಮಳೆಗಾಲದಲ್ಲಿ ಆಟಕ್ಕೆ ಬಂದ ಒಬ್ಬ ಹೊಸಬ ತೊರೆ ದಡದಲ್ಲಿ ದೀಪ ಇಲ್ಲದೆ ನಿಂತಿದ್ದ. ನೀವು ಅದನ್ನು ಕೈಗಿಟ್ಟು, ಆದಾಗ ಕೊಡಿ ಅಂದು ಹೋದ್ರಿ. ಹೆಸರೂ ಕೇಳಲಿಲ್ಲ. ಅವತ್ತಿಂದ ಎದುರು ಗುಡ್ಡದ ಮೇಲೆ ಮನೆ ಮಾಡ್ಕೊಂಡು ನಿಮ್ಮ ಗಿರಣಿ ಏಳೋದನ್ನ ನೋಡ್ತಾ ಇದೀನಿ. ನೀವು ಕಲ್ಲು ಇಡೋ ರೀತಿ..."

"ಎಂಟು ತಿಂಗಳು ನೋಡಿದ್ರಾ? ಒಂದು ಮಾತೂ ಆಡದೆ?"

"ಪತ್ರ ಬರೆದೆನಲ್ಲ..."

"ನಿನ್ನೆ," ಎಂದಳು ಸುಮಿರಾ ಒಳಗಿನಿಂದ.

ಕಿನಾಂತಿಗೆ ಅಳುವಿನ ನಡುವೆಯೇ ನಗು ಬಂತು. "ಆ ಬ್ಯಾಟರಿ ಗಿರಣಿಯಲ್ಲೇ ಇರಲಿ, ಮಾಸ್. ಬೇರೆಯವರ್ಯಾರಾದ್ರೂ ಗಾಲಿ ನೋಡ್ಕೊಂಡ್ರೆ ನನಗೆ ಧೈರ್ಯ ಬರಲ್ಲ. ದಿನಾ ಬರಬೇಕು."

"ಬರ್ತೀನಿ." ಅವನು ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ. "ನೀವು ಇರೋವರೆಗೂ ಬರ್ತೀನಿ."

ಕಿನಾಂತಿ ಅವನ ಮಳೆಕೋಟಿನೊಳಗೆ ಉಬ್ಬಿಕೊಂಡಿದ್ದ ಡಬ್ಬಿಯತ್ತ ಕೈ ತೋರಿಸಿದಳು.

"ಅಮ್ಮ ಕೇಳ್ತಾಳೆ, ಡಬ್ಬಿ ಯಾರ ಹತ್ರ ಇತ್ತು ಅಂತ. ಸೆಪಿ ಅಂತ ಹೇಳ್ಲಾ?"

"ಜಾತ್ಮಿಕೊ. ಜಾತ್ಮಿಕೊ ಅಂತ ಹೇಳಿ."

ಅವನು ಮಳೆಕೋಟಿನ ಒಳಗಿಂದ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಚಾಚಿದ. ಬೂದಿ ಹಾಕಿ ಉಜ್ಜಿ ತೊಳೆದಿದ್ದ ಡಬ್ಬಿ, ಬೆಳಗಿಗಿಂತ ಭಾರವಾಗಿತ್ತು. ಮುಚ್ಚಳದ ಸಂದಿಯಿಂದ ಬೆಟ್ಟದ ಕಾರಿಕಾ ಹಣ್ಣಿನ ಘಮ ಬರುತ್ತಿತ್ತು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.