ಒಬ್ಬರದು ಸಾಲದು

"ಈ ಬಾಣವನ್ನ ಗಟ್ಟಿ ಗೆರೇಲಿ ಎಳೆದೋರು ಯಾರು?"

ಹೊಸದಾಗಿ ಬಂದ ಪರಿಶೀಲಕ ಮಹೇಂದ್ರ ಆಡಿದ ಮೊದಲ ಮಾತೇ ಅದು. ಹೆಸರು ಕೇಳಲಿಲ್ಲ, ನಮಸ್ಕಾರ ಹೇಳಲಿಲ್ಲ!

"ನಾನೇ," ಎಂದಳು ದಾಕ್ಷಾಯಣಿ. "ಯಾಕೆ ಸರ್, ಗೆರೆ ಸೊಟ್ಟಗಿದೆಯಾ?"

"ಗೆರೆ ನೆಟ್ಟಗಿದೆ ಮೇಡಂ. ಪುರಾವೆ ಸೊಟ್ಟಗಿದೆ."

ವಿಭಾಗದ ಮುಖ್ಯಸ್ಥೆ ವರಲಕ್ಷ್ಮಮ್ಮ ನಗು ತಡೆಯಲಾರದೆ ನೀರಿನ ಲೋಟ ಎತ್ತಿಕೊಂಡರು.

ಯಲಹಂಕದ ಆ ಪ್ರಯೋಗಾಲಯದ ಕೆಲಸವೇ ಅಂಥದು. ಒಂದು ರಾಸಾಯನಿಕ ಮೈಯೊಳಗೆ ಹೊಕ್ಕರೆ ಮೊದಲು ಏನನ್ನು ಕೆಡಿಸುತ್ತದೆ, ಅದರಿಂದ ಯಾವ ಜೀವಕೋಶ ಸಾಯುತ್ತದೆ, ಕೊನೆಗೆ ಯಾವ ಅಂಗ ಸೋಲುತ್ತದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ದಾರಿ ಬರೆಯಬೇಕು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಒಂದೊಂದು ಬಾಣ. ಪುರಾವೆ ಬಲವಾಗಿದ್ದರೆ ಗಟ್ಟಿ ಗೆರೆ, ಇಲ್ಲದಿದ್ದರೆ ಚುಕ್ಕೆ ಗೆರೆ. ಆ ದಾರಿಯನ್ನು ನೋಡಿಯೇ ಸರ್ಕಾರದ ಸಮಿತಿ ಇದನ್ನು ಬಳಸಬಹುದು, ಇದನ್ನು ಬಳಸಬಾರದು ಎಂದು ತೀರ್ಮಾನಿಸುತ್ತದೆ.

ಅಂದು ಮೇಜಿನ ಮೇಲಿದ್ದದ್ದು ಯಂತ್ರಗಳ ಬಿಡಿಭಾಗದ ಜಿಡ್ಡು ತೆಗೆಯುವ ಒಂದು ದ್ರಾವಣದ ಕಡತ. ಕೊನೆಯ ಬಾಣ ಮೂತ್ರಪಿಂಡದ ಕಡೆಗಿತ್ತು.

ದಾಕ್ಷಾಯಣಿ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ತಾಯಿ ರತ್ನಕ್ಕ.

"ದಾಕ್ಷಾ... ಆಸ್ಪತ್ರಿಗೆ ಬಾರವ್ವ... ನಿಮ್ಮಪ್ಪ ನಮ್ಮನ್ನ ಬಿಟ್ಟು ಹೋದ್ರವ್ವಾ..."

ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ. "ಗಾಡಿ ಇದೆ, ಬನ್ನಿ" ಎಂಬ ಧ್ವನಿ ಕೇಳಿಸಿತ್ತು. ಹೆಬ್ಬಾಳದ ಮೇಲ್ಸೇತುವೆಯ ವಾಹನಗಳ ನಡುವೆ, ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬನ ಸ್ಕೂಟರಿನ ಹಿಂದೆ ಕುಳಿತು ಅವಳು ಬಿಕ್ಕುತ್ತಿದ್ದಳು. ಆರ್.ಟಿ. ನಗರದ ಆಸ್ಪತ್ರೆಯಲ್ಲಿ ಅವಳು ಸಹಿ ಹಾಕಿದಷ್ಟು ಹೊತ್ತೂ ತಂದೆಯ ಕಾಗದಪತ್ರಗಳನ್ನು ಹಿಡಿದು ನಿಂತವನೂ ಅವನೇ, ಆ ಹೊಸ ಪರಿಶೀಲಕ.

ಪಂಚಪ್ಪನವರು ಬಾಗಲಕೋಟೆ ಕಡೆಯಿಂದ ಬಂದು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅದೇ ದ್ರಾವಣದಲ್ಲಿ ಕೈ ಅದ್ದಿದವರು. ಎರಡೂ ಮೂತ್ರಪಿಂಡ ಸೋತು ಲಿಂಗೈಕ್ಯರಾದರು.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಮಹೇಂದ್ರ ಅಬ್ಬಿಗೆರೆಯ ಮನೆಗೆ ಬಂದ. ಕೊನೆಯ ಪಂಕ್ತಿಯಲ್ಲಿ ಕುಳಿತು ಪ್ರಸಾದ ಉಂಡು, ಎಲೆ ಎತ್ತಿ, ಹೇಳದೆ ಹೊರಟುಹೋದ.

"ಯಾರವ್ವ ಅವ? ಪಾತ್ರಿನೂ ತೊಳದಿಟ್ಟು ಹೋಗ್ಯಾನಲ್ಲ!" ರತ್ನಕ್ಕನಿಗೆ ಅಳುವಿನ ನಡುವೆಯೂ ಬೆರಗು.

ಅಂದಿನಿಂದ ಅವಳ ಮೇಜಿನ ಮೇಲೆ ದಿನವೂ ಒಂದು ಮೋಸಂಬಿ ಕಾಣತೊಡಗಿತು. "ಊಟ ಆಯ್ತಾ ಮೇಡಂ?" ಎಂಬ ಒಂದೇ ಪ್ರಶ್ನೆ. ದಣಿದ ಮನಸ್ಸಿಗೆ ಅಷ್ಟೇ ಸಾಕಾಗಿತ್ತು. ಆ ಪ್ರಶ್ನೆ ಬರುವ ವೇಳೆಗೆ ಅವಳು ಬಾಗಿಲ ಕಡೆ ನೋಡುವಂತಾಗಿದ್ದಳು.

'ಅಪ್ಪ ಹೋಗಿ ನಾಲ್ಕು ತಿಂಗಳೂ ಆಗಿಲ್ಲ... ನನಗೇನಾಗ್ತಿದೆ?'

ಆದರೆ ದುಃಖ ಅವಳಿಂದ ಒಂದು ತಪ್ಪು ಮಾಡಿಸಿತ್ತು. ತಂದೆಯ ಆಸ್ಪತ್ರೆ ವರದಿಯನ್ನು ಹೆಸರು ಅಳಿಸಿ, ಕಡತದ ಪುರಾವೆಗಳ ನಡುವೆ ಸೇರಿಸಿಬಿಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ. ಅಪ್ಪ ಸುಮ್ಮನೆ ಸಾಯಲಿಲ್ಲ ಎಂದು ಎಲ್ಲಾದರೂ ದಾಖಲಾಗಬೇಕು, ಆ ವಿಷ ನಿಲ್ಲಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಕಡತ ಮಹೇಂದ್ರನಿಂದ ಮರಳಿ ಬಂದಾಗ ಆ ಪುಟ ಇರಲಿಲ್ಲ. ಕೊನೆಯ ಬಾಣ ಚುಕ್ಕೆ ಗೆರೆಯಾಗಿತ್ತು!

ಅವಳು ಓಡಿದಳು.

"ಆ ವರದಿ ಯಾರದ್ದು ಅಂತ ಗೊತ್ತಾ ನಿಮಗೆ?"

"ಗೊತ್ತು," ಎಂದ ತಲೆ ತಗ್ಗಿಸಿ. "ಅವತ್ತು ಆಸ್ಪತ್ರೇಲಿ ನನ್ನ ಕೈಲೇ ಇತ್ತಲ್ಲ."

"ಗೊತ್ತಿದ್ದೂ ತೆಗೆದ್ರಾ?!"

"ಒಬ್ಬರದು ಸಾಲಲ್ಲ ಮೇಡಂ."

"ನನಗಿದ್ದದ್ದೇ ಒಬ್ಬ ಅಪ್ಪ!"

ಅವನು ಏನೋ ಹೇಳಹೋಗಿ ತುಟಿ ಕಚ್ಚಿಕೊಂಡ. ಆ ಮೌನವೇ ಅವಳಿಗೆ ಅಪರಾಧದ ಒಪ್ಪಿಗೆಯಂತೆ ಕಂಡಿತು.

'ದ್ರಾವಣ ಮಾಡೋ ಕಂಪನಿಯವರ ಕಡೆ ಸೇರಿದಾನೆ... ಇಂಥವನಿಗಾಗಿ ಬಾಗಿಲು ನೋಡ್ತಾ ಕೂತಿದ್ನಾ ನಾನು!'

ಮುಂದಿನ ವಾರವೇ ವರಲಕ್ಷ್ಮಮ್ಮ ಅವಳಿಗೆ ಎಂಬತ್ತು ಸೀಸೆ ಒಪ್ಪಿಸಿದರು. ಎಂಬತ್ತು ಜನರ ಮೂತ್ರದ ಮಾದರಿ. ಯಾರದೆಂದು ತಿಳಿಯದು, ಬರೀ ಅಂಕಿ. ಮೂತ್ರಪಿಂಡ ಕೆಡಲು ಶುರುವಾದರೆ ಮೂತ್ರದಲ್ಲಿ ಒಂದು ಪ್ರೋಟೀನು ಹೆಚ್ಚುತ್ತದೆ. ಪ್ರತಿ ಸೀಸೆಯಲ್ಲಿಯೂ ಅದನ್ನು ಮೂರು ಮೂರು ಸಲ ಅಳೆಯಬೇಕು. ಆ ಯಂತ್ರದಲ್ಲಿ ಪಳಗಿದ ಕೈ ಅವಳದೊಂದೇ.

ಎಂಟು ವಾರ ಅಳೆದಳು. ಬೆಳಿಗ್ಗೆ ಎದ್ದರೆ ಸುಸ್ತು, ಬಸ್ಸಿನಲ್ಲಿ ಸುಸ್ತು, ಯಂತ್ರದ ಮುಂದೆ ಸುಸ್ತು. ದುಃಖಕ್ಕೂ ಶಕ್ತಿ ಉಳಿದಿರಲಿಲ್ಲ.

"ಅಕ್ಕಾ, ಇವನ್ನ ನೋಡಿ ನೋಡಿ ನಂಗೆ ನಿಂಬೆ ಶರಬತ್ ಕುಡಿಯೋಕೇ ಆಗ್ತಿಲ್ಲ," ಎನ್ನುತ್ತಿದ್ದ ಸಹಾಯಕ ಅರ್ಬಾಜ್. ಮೂರು ಮಕ್ಕಳ ತಂದೆಯಾದರೂ ಮಾತು ಹುಡುಗರದು. "ಆದ್ರೆ ಮಹೇಂದ್ರ ಸರ್ ಇಡೋ ಮೋಸಂಬಿ ಮಾತ್ರ ನನ್ನ ಕೈಲಿ ವಾಪಸ್ ಕಳಿಸ್ತಾ ಇರಿ. ನೀವು ವಾಪಸ್ ಕೊಟ್ಟಿದ್ದೆಲ್ಲ ನನ್ನ ಮಕ್ಕಳ ಹೊಟ್ಟೆಗೇ!"

ಅವಳು ನಗಲಿಲ್ಲ.

ಅಳತೆ ಮುಗಿದ ಮರುದಿನ ವರಲಕ್ಷ್ಮಮ್ಮ ಎಲ್ಲರೆದುರು ಮುಚ್ಚಿದ ಲಕೋಟೆ ಒಡೆದರು. ನಲವತ್ತು ಸೀಸೆ ದ್ರಾವಣ ಮುಟ್ಟದವರದು. ಅದರಲ್ಲಿ ಪ್ರೋಟೀನು ಹೆಚ್ಚಿದ್ದದ್ದು ಮೂವರಿಗೆ. ಇನ್ನು ನಲವತ್ತು ಸೀಸೆ ದ್ರಾವಣದಲ್ಲೇ ಕೆಲಸ ಮಾಡುವವರದು. ಅದರಲ್ಲಿ ಇಪ್ಪತ್ತೇಳು ಮಂದಿಗೆ!

"ಎಲ್ಲಿಯ ಕೆಲಸಗಾರರು ಮೇಡಂ?" ದಾಕ್ಷಾಯಣಿ ಕೇಳಿದಳು.

"ಯಶವಂತಪುರ ಕಣಮ್ಮ. ನಿಮ್ಮ ತಂದೆ ಇದ್ದ ಕಾರ್ಖಾನೆ, ಅದರ ಸುತ್ತಮುತ್ತಲಿನ ಇನ್ನೂ ಮೂರು."

ಅವಳು ಲಕೋಟೆಯ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

"ಜನರ ಮಾದರಿ ತೆಗೆಯೋಕೆ ನೀತಿ ಸಮಿತಿ ಒಪ್ಪಿಗೆ ತಂದೋನು ಮಹೇಂದ್ರ. ಮಾಲೀಕರು ಒಳಗೆ ಬಿಡಲಿಲ್ಲ ಅಂತ ಏಳು ಭಾನುವಾರ ಕೆಲಸಗಾರರ ಮನೆಮನೆಗೆ ತಿರುಗಿದಾನೆ. ಅಳೆಯೋರಿಗೆ ಯಾರದ್ದು ಅಂತ ತಿಳೀಬಾರದು, ಅದು ನಿಯಮ. ಅದಕ್ಕೇ ಬಾಯಿಗೆ ಬೀಗ." ವರಲಕ್ಷ್ಮಮ್ಮ ಅವಳ ಮುಂದೆ ಪೆನ್ಸಿಲ್ ಇಟ್ಟರು. "ಈಗ ಎಳೀರಮ್ಮ ಗೆರೆ. ಗಟ್ಟಿಯಾಗೇ ಎಳೀರಿ."

ಗೆರೆ ಎಳೆಯುವಾಗ ಅವಳ ಕಣ್ಣೀರು ಕಾಗದದ ಮೇಲೆ ಬಿತ್ತು.

ಮಹೇಂದ್ರ ಅಂದು ಸಭೆಗೆ ಬಂದಿರಲಿಲ್ಲ. ಅಲ್ಲಾಳಸಂದ್ರದ ಕೆರೆಯ ಏರಿಯ ಮೇಲೆ, ತನ್ನ ಮನೆಗೆ ಹೋಗುವ ದಾರಿಯ ಕಲ್ಲು ಬೆಂಚಿನ ಮೇಲೆ ಕುಳಿತಿದ್ದ. ಇಳಿಬಿಸಿಲು. ಅವಳು ಬಂದು ಪಕ್ಕದಲ್ಲಿ ಕುಳಿತಳು.

"ಒಂದೇ ಒಂದು ಮಾತು ಹೇಳ್ಬಹುದಿತ್ತು..."

"ಹೇಳಿದ್ರೆ ನಿಮ್ಮ ಕೈ ನಡುಗ್ತಿತ್ತು. ನಡುಗದೇ ಇದ್ರೂ, ಸತ್ತೋರ ಮಗಳು ಬೇಕು ಅಂತಲೇ ಹೆಚ್ಚು ಅಳೆದಳು ಅಂತ ಕಂಪನಿಯೋರು ಕಡತಾನೇ ಎಸೀತಿದ್ರು. ಆ ವರದಿ ಒಂದು ಸಿಕ್ಕಿದ್ರೂ ಸಾಕಿತ್ತು ಅವರಿಗೆ."

"ನಾನು ನಿಮ್ಮನ್ನ ದ್ವೇಷಿಸಿದೆ ರೀ... ಎಂಟು ವಾರ!"

"ಗೊತ್ತಿತ್ತು. ಕಷ್ಟ ಆಯ್ತು. ಆದ್ರೆ ನೀವು ದ್ವೇಷಿಸ್ತಾ ಇದ್ರೇನೇ ಅಳತೆ ಶುದ್ಧವಾಗಿರುತ್ತೆ ಅಂತ ಸಮಾಧಾನ ಮಾಡ್ಕೊಂಡೆ."

ಅಳುತ್ತಲೇ ಅವಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು.

"ಆ ಕಡತದಲ್ಲಿ ಅಪ್ಪ ಎಲ್ಲೂ ಇಲ್ಲ, ಅಲ್ವಾ?"

"ಇಲ್ಲ. ಇರೋಕಾಗಲ್ಲ," ಎಂದ ಮೆಲ್ಲಗೆ. "ಆದ್ರೆ ನಿನ್ನೆ ನಿಮ್ಮ ಅಳತೆ ಕೈಗೆ ಬಂದ ಕೂಡ್ಲೇ ನನ್ನ ಪಟ್ಟಿ ಜೊತೆ ಹೋಲಿಸಿ ಎಲ್ರಿಗೂ ಹೇಳಿದೆ. ಅವರ ಜೊತೆ ಕೆಲಸ ಮಾಡ್ತಿದ್ದ ಸಿದ್ರಾಮಪ್ಪ ಇವತ್ತು ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗಿದಾರೆ. ಜೊತೆಗೆ ಇನ್ನೂ ಇಪ್ಪತ್ತಾರು ಜನ. ನಾನೂ ಅಲ್ಲೇ ಇದ್ದೆ, ಅದಕ್ಕೇ ಸಭೆಗೆ ಬರಲಿಲ್ಲ. ಬೇಗ ಗೊತ್ತಾಗಿದೆ ದಾಕ್ಷಾಯಣಿ, ಉಳಿಸ್ಕೋಬಹುದು ಅಂದ್ರು."

ಅವನು ಮೊದಲ ಸಲ ಹೆಸರು ಹಿಡಿದು ಕರೆದಿದ್ದ.

"ಇನ್ಮೇಲೆ ನನ್ನ ಹತ್ರ ಏನನ್ನೂ ಮುಚ್ಚಿಡಬೇಡಿ," ಎಂದಳು.

"ಹಾಗಾದ್ರೆ ಒಂದು ಬಾಕಿ ಇದೆ. ನನಗೆ ನೀವು ಬೇಕು. ಇಷ್ಟ ಇಲ್ಲ ಅಂದ್ರೆ—"

"ಯಾರು ಹೇಳಿದ್ರು ಇಷ್ಟ ಇಲ್ಲ ಅಂತ?"

ಅವಳ ದಣಿದ ತಲೆ ತಾನಾಗಿಯೇ ಅವನ ಹೆಗಲಿಗೆ ಒರಗಿತು.

ಸೋಮವಾರ ಬೆಳಿಗ್ಗೆ ಇಬ್ಬರೂ ರತ್ನಕ್ಕನನ್ನು ಕರೆದುಕೊಂಡು ರುದ್ರಭೂಮಿಗೆ ಹೋದರು. ಸರ್ಕಾರದ ಸಮಿತಿಯ ತೀರ್ಮಾನ ಇನ್ನೂ ಬರಬೇಕಿತ್ತು. ಕಡತವನ್ನು ಮಾತ್ರ ಅವರು ಒಪ್ಪಿಕೊಂಡಿದ್ದರು. ದಾಕ್ಷಾಯಣಿ ಸಮಾಧಿಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟಳು.

"ರೀ, ನೋಡ್ರಿ, ಮಗಳು ಹುಡುಗನ್ನ ಕರಕೊಂಡು ಬಂದಾಳ," ಎಂದಳು ರತ್ನಕ್ಕ ಮಣ್ಣು ಸವರುತ್ತ. ಆಮೇಲೆ ಮಹೇಂದ್ರನ ಕಡೆ ತಿರುಗಿದಳು. "ದೂರ ಯಾಕ ನಿಂತೀಯಪ್ಪಾ? ನೀನೂ ಕೈ ಮುಗಿ."

ಅವನು ಚಪ್ಪಲಿ ಬಿಟ್ಟು ಬಂದು ದಾಕ್ಷಾಯಣಿಯ ಪಕ್ಕ ಮೊಣಕಾಲೂರಿದ.

"ಏನಂತ ಬೇಡ್ಕೊಳ್ಳಲಿ?" ಎಂದು ಪಿಸುಗುಟ್ಟಿದ.

"ನಾನು ಹೇಳ್ತೀನಿ. ನೀವೂ ಜೊತೆಗೆ ಹೇಳಿ."

ಅವಳು ಕಣ್ಣು ಮುಚ್ಚಿದಳು.

"ಶಿವನೇ, ಈ ಜೀವ ದುಡಿದು ದಣಿದು ನಿನ್ನಲ್ಲಿಗೆ ಬಂದಿದೆ. ಇದರ ಉಸಿರಿಗೆ ನಾವು ಕೊಡಲಾಗದ ಒಳ್ಳೆಯ ಗಾಳಿಯನ್ನು ನೀನು ಕೊಡು. ಇದರ ಕೈಗಳಿಗೆ ಬಿಡುವು ಕೊಡು. ನಿನ್ನ ಪಾದದ ನೆರಳಿನಲ್ಲಿ ಇದಕ್ಕೆ ಶಾಂತಿಯನ್ನು ಕೊಡು, ತಂದೆ."